ಉಪಮೆ, ರೂಪಕ, ಉತ್ಪ್ರೇಕ್ಷೆ: ಗುರುತಿಸುವುದು ಹೇಗೆ?

ಟಿಇಟಿಗೆ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಗೆ, ಓದುತ್ತಿದ್ದೀರಿ. ಅಲಂಕಾರಗಳ ಲಕ್ಷಣವೆಲ್ಲ ಬಾಯಿಪಾಠ ಆಗಿದೆ, ಆದರೆ ಪದ್ಯ ಎದುರಿಗೆ ಬಂದಾಗ ಯಾವುದು ಉಪಮೆ, ಯಾವುದು ಉತ್ಪ್ರೇಕ್ಷೆ ಅಂತ ಗೊತ್ತಾಗುವುದಿಲ್ಲ ಎಂದು ಕೇಳಿದ್ದೀರಿ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮಕ್ಕಳು ಎಡವುವುದೂ ಇಲ್ಲೇ.

ಲಕ್ಷಣವನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಸಾಲು ಕಂಡ ಕೂಡಲೇ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಕವಿ ಯಾವುದರ ಬಗ್ಗೆ ಹೇಳುತ್ತಿದ್ದಾನೆ? ಅದೇ ಉಪಮೇಯ. ಆಮೇಲೆ ಅದನ್ನು ಏನು ಮಾಡಿದ್ದಾನೆ ನೋಡಿ. ಇನ್ನೊಂದರ ಪಕ್ಕದಲ್ಲಿ ನಿಲ್ಲಿಸಿ ತೋರಿಸಿದ್ದರೆ ಉಪಮೆ. ಇದೇ ಅದು ಅಂದುಬಿಟ್ಟಿದ್ದರೆ ರೂಪಕ. ‘ಹೀಗಿರಬಹುದೇನೋ’ ಅಂತ ಕಲ್ಪಿಸಿಕೊಂಡಿದ್ದರೆ ಉತ್ಪ್ರೇಕ್ಷೆ.

‘ನುಡಿದರೆ ಮುತ್ತಿನ ಹಾರದಂತಿರಬೇಕು’ ಎಂಬ ಬಸವಣ್ಣನವರ ಮಾತು ನಿಮಗೆ ಗೊತ್ತೇ ಇದೆ. ಉಪಮೆಗೆ ನಾಲ್ಕು ಅಂಗ. ನುಡಿ ಉಪಮೇಯ, ಹೋಲಿಕೆಗೆ ತಂದ ಮುತ್ತಿನ ಹಾರ ಉಪಮಾನ, ಹೋಲಿಕೆ ಸೂಚಿಸುವ ‘ಅಂತೆ’ ವಾಚಕ. ನಾಲ್ಕನೆಯದು, ಎರಡಕ್ಕೂ ಸಮಾನವಾದ ಗುಣ ಅಂದರೆ ಸಮಾನ ಧರ್ಮ, ಎಲ್ಲಿದೆ? ಹುಡುಕಿದರೂ ಸಿಗುವುದಿಲ್ಲ. ಹೀಗೆ ಒಂದು ಅಂಗ ಬಿಟ್ಟುಹೋದರೆ ಅದು ಲುಪ್ತೋಪಮೆ. ಬಿಟ್ಟಿದ್ದೇ ಇಲ್ಲಿ ಸೊಗಸು. ಮುತ್ತು ಒಂದರ ಪಕ್ಕ ಒಂದು ಒಪ್ಪವಾಗಿ ಕೂತಂತೆ ಮಾತು ಇರಬೇಕು ಅನ್ನುವುದನ್ನು ನಾವೇ ತುಂಬಿಕೊಳ್ಳುತ್ತೇವೆ. ಮುಂದೆ ಮಾಣಿಕ್ಯದ ದೀಪ್ತಿ, ಸ್ಫಟಿಕದ ಶಲಾಕೆ ಬರುತ್ತವೆ. ಒಂದೇ ನುಡಿಗೆ ಸಾಲಾಗಿ ಇಷ್ಟು ಉಪಮಾನಗಳು ಬಂದದ್ದರಿಂದ ಇದು ಮಾಲೋಪಮೆಯೂ ಹೌದು. ಎರಡು ಪಾರಿಭಾಷಿಕ ಪದ ಒಂದೇ ವಚನದಲ್ಲಿ ಕಲಿತ ಹಾಗಾಯಿತು.

ರೂಪಕಕ್ಕೆ ಕುಮಾರವ್ಯಾಸನ ಹತ್ತಿರ ಹೋಗಿ. ‘ರೂಪಕ ಸಾಮ್ರಾಜ್ಯದ ಚಕ್ರವರ್ತಿ’ ಎಂದು ಅವನನ್ನು ಕರೆಯುವುದು ಸುಮ್ನೆ ಅಲ್ಲ. ‘ಮಾರಿಗೌತಣವಾಯ್ತು ನಾಳಿನ ಭಾರತವು’ ಎಂದು ಕರ್ಣ ಕೃಷ್ಣನಿಗೆ ಹೇಳುತ್ತಾನೆ. ‘ಭಾರತ’ ಅಂದರೆ ಇಲ್ಲಿ ಯುದ್ಧ. ಅದು ಔತಣದ ಹಾಗೆ ಎನ್ನಲಿಲ್ಲ. ಯುದ್ಧವೇ ಮಾರಿಗೆ ಔತಣ. ‘ಅಂತೆ’ ಸೇರಿಸಿ ಓದಿ ನೋಡಿ, ಕರ್ಣನ ಮಾತಿನ ಕಸುವೇ ಹೋಗುತ್ತದೆ.

ಇನ್ನು ಉತ್ಪ್ರೇಕ್ಷೆ. ಜಾಸ್ತಿ ಗೊಂದಲ ಇರುವುದು ಇಲ್ಲೇ, ಯಾಕೆಂದರೆ ಇಲ್ಲೂ ‘ಎಂಬಂತೆ’ ಬರುತ್ತದೆ. ನಿಮ್ಮ ಗೊಂದಲ ಸಾವಿರ ವರ್ಷಕ್ಕಿಂತ ಹಳೆಯದು. ‘ಕತ್ತಲು ಮೈಗೆ ಬಳಿಯುತ್ತಿದೆಯೋ ಎಂಬಂತಿದೆ, ಆಕಾಶ ಕಾಡಿಗೆ ಸುರಿಸುತ್ತಿದೆಯೋ ಎಂಬಂತಿದೆ’ ಎಂಬ ಅರ್ಥದ ಸಂಸ್ಕೃತ ಪದ್ಯವೊಂದಿದೆ. ಅದರಲ್ಲಿ ‘ಹಾಗೆ’ ಎಂಬ ಅರ್ಥದ ‘ಇವ’ ಎಂಬ ಪದ ಇದೆಯಲ್ಲ, ಹಾಗಾಗಿ ಇದು ಉಪಮೆ ಎಂದು ಕೆಲವರು ತಿಳಿದಿದ್ದರು. ಸಂಸ್ಕೃತದ ಅಲಂಕಾರಶಾಸ್ತ್ರಜ್ಞ ದಂಡಿ ಒಪ್ಪಲಿಲ್ಲ, ಇದು ಉತ್ಪ್ರೇಕ್ಷೆ ಎಂದ. ಬಳಿಯುವುದು ಒಂದು ಕ್ರಿಯೆ, ಕ್ರಿಯೆ ಉಪಮಾನ ಆಗುವುದು ಹೇಗೆ ಎಂದು ‘ಕಾವ್ಯಾದರ್ಶ’ದಲ್ಲಿ ವಾದಿಸಿದ. ಕತ್ತಲನ್ನು ಯಾವುದಕ್ಕೆ ಹೋಲಿಸಿದೆ ಎಂದು ಕೇಳಿ, ಬೆರಳಿಟ್ಟು ತೋರಿಸಲು ಏನೂ ಸಿಗುವುದಿಲ್ಲ. ಆ ದಂಡಿಯ ದಾರಿಯನ್ನೇ ಬಹುಮಟ್ಟಿಗೆ ಹಿಡಿದದ್ದು 9ನೇ ಶತಮಾನದ ನಮ್ಮ ‘ಕವಿರಾಜಮಾರ್ಗ’. ಅದರ ಮೂರನೇ ಪರಿಚ್ಛೇದ ಬಹುಪಾಲು ಅರ್ಥಾಲಂಕಾರಗಳಿಗೇ, ಅಂದರೆ ಅರ್ಥದಿಂದ ಸೊಗಸು ತರುವ ಇಂಥ ಅಲಂಕಾರಗಳಿಗೇ, ಮೀಸಲು.

ಕೆಲವು ಉತ್ಪ್ರೇಕ್ಷೆಗಳಲ್ಲಿ ವಸ್ತುವೂ ಇರುತ್ತದೆ. ಅಚ್ಛೋದ ಸರೋವರ ತ್ರೈಲೋಕ್ಯಲಕ್ಷ್ಮಿಯ ರನ್ನಗನ್ನಡಿಯೋ ಎಂಬಂತಿತ್ತು ಎನ್ನುವ ಉದಾಹರಣೆ ವ್ಯಾಕರಣ ಪುಸ್ತಕಗಳಲ್ಲಿ ನೋಡಿರುತ್ತೀರಿ. ಮುತ್ತಿನ ಹಾರ ಲೋಕದಲ್ಲಿದೆ. ಆ ಕನ್ನಡಿ ಕವಿಯ ಕಲ್ಪನೆಯಲ್ಲಿ ಮಾತ್ರ ಇದೆ. ಸಾಮಾನ್ಯವಾಗಿ ಈ ಒಂದು ವ್ಯತ್ಯಾಸ ಹಿಡಿದರೆ ಸಾಕು.

ದೃಷ್ಟಾಂತ ಎಂಬ ಇನ್ನೊಂದು ಅಲಂಕಾರ ಅಷ್ಟು ಕಷ್ಟ ಇಲ್ಲ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ಎರಡು ವಾಕ್ಯ, ನಡುವೆ ‘ಅಂತೆ’ ಇಲ್ಲ, ಆದರೂ ಒಂದರಲ್ಲಿ ಇನ್ನೊಂದು ಕಾಣುತ್ತದೆ. ಪುಸ್ತಕಗಳು ಬಿಂಬ–ಪ್ರತಿಬಿಂಬ ಭಾವ ಎನ್ನುವುದು ಇದಕ್ಕೇ. ಅಕ್ಷರ, ಪದಗಳು ಮತ್ತೆ ಮತ್ತೆ ಬರುವ ಅನುಪ್ರಾಸ, ಯಮಕಗಳನ್ನು ಗಟ್ಟಿಯಾಗಿ ಓದಿ, ಕಿವಿಯೇ ಹಿಡಿಯುತ್ತದೆ.

ದಿನಕ್ಕೊಂದು ವಚನ ಅಥವಾ ಪದ್ಯ ತೆಗೆದುಕೊಳ್ಳಿ. ಪೆನ್ಸಿಲ್ಲಿನಲ್ಲಿ ಉಪಮೇಯಕ್ಕೆ ಗೆರೆ ಎಳೆಯಿರಿ, ಉಪಮಾನಕ್ಕೆ ಸುತ್ತು ಹಾಕಿ. ಆಮೇಲಷ್ಟೇ ಅಲಂಕಾರದ ಹೆಸರು ಬರೆಯಿರಿ. ಲಕ್ಷಣವನ್ನು ಕೊನೆಗೆ ತೆರೆದು ನೋಡಿ, ನೀವು ಬರೆದದ್ದಕ್ಕೆ ಹೊಂದುತ್ತದೆಯೇ ಅಂತ. ಹೈಸ್ಕೂಲಿನ ಪ್ರಶ್ನೆಪತ್ರಿಕೆಯಲ್ಲಿ ‘ಲಕ್ಷಣದೊಂದಿಗೆ ಸಮನ್ವಯಿಸಿ’ ಎಂದು ಕೇಳುವುದೂ ಇದನ್ನೇ ಅಲ್ವಾ?