ಸಲಹಾ ಪೆಟ್ಟಿಗೆಯ ಹನ್ನೊಂದು ಚೀಟಿಗಳು

‘ನಮ್ಮ ಕೆಲಸಗಾರರು ಬಾಯಿಯೇ ಬಿಡುವುದಿಲ್ಲ’ ಎಂಬ ಕೊರಗನ್ನು ಹೊತ್ತು ಬರುವ ಮೇಲಧಿಕಾರಿಗಳು ಈಚಿನ ವರ್ಷಗಳಲ್ಲಿ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಹೆಚ್ಚಾಗಿದ್ದಾರೆ. ಮೊದಲು ಬರುವುದು ನಿದ್ದೆಗೇಡಿಗೋ ಮನೆಯಲ್ಲಿನ ಸಿಟ್ಟಿಗೋ; ಎರಡನೆಯ ಭೇಟಿಯ ಹೊತ್ತಿಗೆ ಮಾತು ಇಲ್ಲಿಗೇ ಬಂದು ನಿಲ್ಲುತ್ತದೆ. ಅಂಥದೊಂದು ಪ್ರಕರಣವನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಬಂದವರು ಬೆಂಗಳೂರಿನ ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಘಟಕವೊಂದರ ಉತ್ಪಾದನಾ ಮುಖ್ಯಸ್ಥರು. ಐಟಿಐ ಮುಗಿಸಿ ಆಪರೇಟರ್ ಆಗಿ ಸೇರಿ ಮೇಲೆ ಬಂದವರು. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುವುದಿಲ್ಲವೆಂಬುದು ಅವರ ತೊಂದರೆ. ಕೆಲಸಗಾರರಿಂದ ಹೊಸ ಆಲೋಚನೆಗಳನ್ನು ಹೊರತರಿಸುವ ಹೊಣೆಯನ್ನು ಆಡಳಿತ ಅವರಿಗೆ ವಹಿಸಿತ್ತು. ಸಲಹಾ ಪೆಟ್ಟಿಗೆ ಇಡಿಸಿದರು, ತಿಂಗಳಿಗೊಂದು ಬಹುಮಾನ ಸಾರಿದರು, ಗೋಡೆಗೆ ಪೋಸ್ಟರ್ ಹಚ್ಚಿಸಿದರು. ಒಂಬತ್ತು ತಿಂಗಳಲ್ಲಿ ಬಿದ್ದದ್ದು ಹನ್ನೊಂದು ಚೀಟಿ. ‘ಟೊಯೊಟಾದಲ್ಲಿ ಇಂಥ ಪದ್ಧತಿ 1951ರಲ್ಲೇ ಶುರುವಾಯಿತು ಮೇಡಂ, ನಮ್ಮವರಿಗೆ ಸಂಬಳದ ದಿನ ಬಿಟ್ಟರೆ ಬೇರೆ ಯಾವುದರಲ್ಲೂ ಆಸಕ್ತಿಯಿಲ್ಲ’ ಎಂದರು.

ಮೂರನೆಯ ಭೇಟಿಗೆ ಆ ಚೀಟಿಗಳನ್ನೇ ಕಂದು ಲಕೋಟೆಯಲ್ಲಿ ಹಾಕಿಕೊಂಡು ಬಂದರು. ಕೆಲಸಗಾರರ ಉದಾಸೀನಕ್ಕೆ ಅವು ಸಾಕ್ಷಿಯೆಂಬುದು ಅವರ ಎಣಿಕೆ. ನಾನು ಒಂದೊಂದನ್ನೇ ಮೇಜಿನ ಮೇಲೆ ಹರಡಿದೆ. ಏಳರಲ್ಲಿ ಕ್ಯಾಂಟೀನಿನ ಸಾಂಬಾರು, ಶೌಚಾಲಯದ ನೀರು, ರಾತ್ರಿ ಪಾಳಿಯ ಬಸ್ಸಿನ ಮಾತಿತ್ತು. ಮೂರು ಖಾಲಿ, ಸೂಪರ್‌ವೈಸರ್ ಒತ್ತಾಯಕ್ಕೆ ಮಡಿಸಿ ಹಾಕಿದವು. ಹನ್ನೊಂದನೆಯದು ಕೆಲಸದ ವಿವರ ಬರೆಯುವ ಒಂದು ಜಾಬ್ ಕಾರ್ಡಿನ ಹಿಂಬದಿ. ಎಣ್ಣೆಯ ಬೆರಳಚ್ಚುಗಳ ನಡುವೆ ಪೆನ್ಸಿಲಿನಲ್ಲಿ ಫಿಕ್ಸ್ಚರಿನ (ಯಂತ್ರದಲ್ಲಿ ಬಿಡಿಭಾಗವನ್ನು ಬಿಗಿಯಾಗಿ ಹಿಡಿಯುವ ಸಾಧನದ) ಚಿತ್ರ, ಮೂಲೆಯೊಂದಕ್ಕೆ ಬಾಣದ ಗುರುತು, ಪಕ್ಕದಲ್ಲಿ ‘ಇಲ್ಲಿ ಚಿಪ್ಸ್ ಕೂರುತ್ತೆ, ಜಾಬ್ ಓರೆ ಆಗುತ್ತೆ, ಸಣ್ಣ ಸ್ಲಾಟ್ ಹೊಡೆದರೆ ಕೂಲೆಂಟ್ ಜೊತೆ ಹೊರಗೆ ಹೋಗುತ್ತೆ’ ಎಂಬ ಬರಹ (ಚಿಪ್ಸ್ ಎಂದರೆ ಕೊರೆಯುವಾಗ ಉದುರುವ ಲೋಹದ ಚೂರು, ಜಾಬ್ ಎಂದರೆ ತಯಾರಾಗುತ್ತಿರುವ ಬಿಡಿಭಾಗ, ಕೂಲೆಂಟ್ ಎಂದರೆ ತಂಪಾಗಿಡಲು ಹರಿಸುವ ದ್ರವ). ಅದರ ಕೆಳಗೆ, ಇನ್ನೂ ಚಿಕ್ಕ ಅಕ್ಷರಗಳಲ್ಲಿ: ‘ಹಿಂದೆ ಒಂದ್ಸಲ ಹೇಳಿದ್ದೆ ಸಾರ್.’

‘ಹಿಂದೆ ಯಾವಾಗ ಹೇಳಿದ್ದರು?’ ಎಂದು ಕೇಳಿದೆ. ಅವರು ಕಾರ್ಡನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. ಎರಡು ವರ್ಷಗಳ ಹಿಂದೆ, ಬೆಳಗಿನ ಸಭೆಯಲ್ಲಿ, ಎಲ್ಲರೂ ನಿಂತಿದ್ದಾಗ ಆ ಆಪರೇಟರ್ ಈ ಮಾತೆತ್ತಿದ್ದರು. ‘ಮೊದಲು ಟಾರ್ಗೆಟ್ ಮುಗಿಸಪ್ಪ, ಇಂಜಿನಿಯರಿಂಗ್ ಆಮೇಲೆ ಮಾಡುವೆಯಂತೆ’ ಎಂದು ಇವರು ಅಂದರು. ಉಳಿದವರು ನಕ್ಕರು. ಆಪರೇಟರ್ ಕೂಡ ನಕ್ಕು ಸುಮ್ಮನಾದರು. ‘ಅಂದಿನಿಂದ ಸಭೆಯಲ್ಲಿ ಯಾರೂ ತಕರಾರು ತೆಗೆದಿಲ್ಲ ಮೇಡಂ. ಶಿಸ್ತು ಬಂದಿದೆ ಅಂದುಕೊಂಡಿದ್ದೆ’ ಎಂದರು. ಆಮೇಲೆ ತಾವಾಗಿಯೇ ಹೇಳಿದರು: ‘ನನ್ನನ್ನು ರಾತ್ರಿ ಎಬ್ಬಿಸುವುದು ಈ ಜಾಬ್ ಓರೆಯಾಗಿ ರಿಜೆಕ್ಟ್ ಆಗುವುದೇ.’

‘ಶಿಸ್ತು ಬಂದಿದೆ ಅಂದುಕೊಂಡಿದ್ದೆ’ ಎಂಬ ಆ ಮಾತಿಗಾಗಿಯೇ ನಾನು ಇದನ್ನು ಬರೆಯಲು ಕುಳಿತೆ. ಹಾರ್ವರ್ಡ್‌ನ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಚೆನ್ನಾಗಿ ನಡೆಯುವ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಆ ತಂಡಗಳಲ್ಲಿ ತಪ್ಪನ್ನು ಬಾಯಿಬಿಟ್ಟು ಹೇಳಲು ಹೆದರಿಕೆ ಇರಲಿಲ್ಲ ಎಂಬುದು ಅವರು ಕೊಟ್ಟ ವಿವರಣೆ. ತಕರಾರೇ ಇಲ್ಲದ ಸಭೆ ಆರೋಗ್ಯದ ಲಕ್ಷಣವಲ್ಲ ಎಂದು ನಾನು ಮುಖ್ಯಸ್ಥರಿಗೆ ಹೇಳಿದೆ. ಬಾಯಿ ಮುಚ್ಚಿಕೊಂಡಿರುವ ಕೆಲಸಗಾರರನ್ನು ಸೋಮಾರಿಗಳೆಂದು ಕರೆಯುವ ಮೊದಲು, ಅವರು ಕೊನೆಯ ಸಲ ಬಾಯಿಬಿಟ್ಟಾಗ ಏನಾಯಿತೆಂದು ಕೇಳಿಕೊಳ್ಳದ ಮೇಲಧಿಕಾರಿಗಳನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಟೊಯೊಟಾದ ಮಾತನ್ನು ಅವರೇ ಎತ್ತಿದ್ದರಿಂದ ಇದನ್ನೂ ನೆನಪಿಸಿದೆ: ಅಲ್ಲಿ ದೋಷ ಕಂಡ ಕೆಲಸಗಾರರು ಪಕ್ಕದಲ್ಲಿ ತೂಗುವ ಎಚ್ಚರಿಕೆಯ ಹಗ್ಗ ಎಳೆದರೆ ಇಲ್ಲವೇ ಗುಂಡಿ ಒತ್ತಿದರೆ ತಂಡದ ಮುಖಂಡರು ಅವರಿದ್ದಲ್ಲಿಗೇ ಬರುತ್ತಾರೆ. ಹಾಗೆ ಯಾರಾದರೂ ಬರುತ್ತಾರೆಂಬ ನಂಬಿಕೆಯೇ ಇಲ್ಲದಿದ್ದರೆ ಪೆಟ್ಟಿಗೆಯೊಳಗೆ ಚೀಟಿ ಹಾಕುವವರು ಯಾರು?

ಕೊಟ್ಟ ಸಲಹೆ ಇಷ್ಟು. ಹೊಸ ಆಲೋಚನೆ ಕೇಳುವುದನ್ನು ಸದ್ಯಕ್ಕೆ ನಿಲ್ಲಿಸಿ, ಬಂದ ಚೀಟಿಗಳಿಗೆ ಉತ್ತರ ಕೊಡಬೇಕು; ಸಾಂಬಾರಿನ ಚೀಟಿಗೂ ಸೇರಿದಂತೆ ಪ್ರತಿಯೊಂದಕ್ಕೂ ಒಂದು ವಾರದೊಳಗೆ ನೋಟಿಸ್ ಬೋರ್ಡಿನಲ್ಲಿ ‘ಆಗುತ್ತದೆ’, ‘ಆಗದು, ಏಕೆಂದರೆ’ ಎಂದು ಬರೆದು ಹಾಕಬೇಕು. ನೀರು, ಊಟ, ಬಸ್ಸಿನ ಮಾತುಗಳನ್ನು ಕ್ಷುಲ್ಲಕವೆಂದು ತಳ್ಳಬಾರದು, ಏಕೆಂದರೆ ದೊಡ್ಡ ಮಾತು ಹೇಳುವ ಮೊದಲು ಜನ ಸಣ್ಣ ಮಾತು ಹೇಳಿ ನೋಡುತ್ತಾರೆ. ಆಪರೇಟರ್ ಹೇಳಿದ ಬದಲಾವಣೆಯನ್ನು ಒಂದೇ ಫಿಕ್ಸ್ಚರಿನಲ್ಲಿ, ಅವರ ಕೈಯಿಂದಲೇ ಮಾಡಿಸಿ ನೋಡಬೇಕು. ಕೊನೆಯದಾಗಿ, ನಗೆಪಾಟಲು ಮಾಡಿದ್ದು ಎಲ್ಲರೆದುರಿಗೆ ಆದ್ದರಿಂದ ತಪ್ಪಾಯಿತೆಂದು ಹೇಳುವುದೂ ಅದೇ ಬೆಳಗಿನ ಸಭೆಯಲ್ಲಿ ಆಗಬೇಕು.

ಈ ಕೊನೆಯ ಸಲಹೆಯನ್ನು ಹಿರಿಯ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ. ಆಪ್ತಸಲಹೆಗಾರರು ದಾರಿಯನ್ನು ವ್ಯಕ್ತಿಯೇ ಕಂಡುಕೊಳ್ಳಲು ಬಿಡಬೇಕು, ಅಲ್ಲದೆ ಮುಖ್ಯಸ್ಥರ ಅಧಿಕಾರಕ್ಕೆ ಇದರಿಂದ ಕುಂದು ಬರುತ್ತದೆ ಎಂದರು. ಮೊದಲನೆಯ ಮಾತಿನಲ್ಲಿ ಹುರುಳಿದೆ; ಸಾಮಾನ್ಯವಾಗಿ ನಾನೂ ಹಾಗೆಯೇ ನಡೆಯುತ್ತೇನೆ. ಆದರೆ ಇಲ್ಲಿ ನನ್ನೆದುರು ಕುಳಿತಿದ್ದವರ ನಿದ್ದೆಯ ಜೊತೆಗೆ, ನನ್ನೆದುರು ಇಲ್ಲದ ಇನ್ನೊಬ್ಬರ ಮಾನವೂ ಸೇರಿಕೊಂಡಿತ್ತು. ಏಕಾಂತದಲ್ಲಿ ಕೇಳುವ ಕ್ಷಮೆಯಿಂದ ಅಂದು ನಕ್ಕವರಿಗೆ ಏನೂ ತಿಳಿಯುವುದಿಲ್ಲ, ಮತ್ತು ಮಾತಾಡಿದರೆ ನಗೆಗೀಡಾಗುತ್ತೇವೆ ಎಂದು ಕಲಿತದ್ದು ಅವರೆಲ್ಲರೂ.

ಮುಖ್ಯಸ್ಥರು ಸಭೆಯಲ್ಲೇ ತಪ್ಪಾಯಿತೆಂದು ಹೇಳಿದರು. ಆಪರೇಟರ್ ‘ಆಯ್ತು ಬಿಡಿ ಸಾರ್’ ಎಂದಷ್ಟೇ ಅಂದು ಯಂತ್ರದ ಕಡೆ ನಡೆದರಂತೆ. ಸ್ಲಾಟ್ ಹೊಡೆದ ಫಿಕ್ಸ್ಚರಿನಲ್ಲಿ ಜಾಬ್ ಓರೆಯಾಗುವುದು ಕಡಿಮೆಯಾಗಿದೆ. ನಿದ್ದೆ ಒಂದಷ್ಟು ಸುಧಾರಿಸಿದೆ, ಪೂರ್ತಿ ಅಲ್ಲ. ಮೂರು ವಾರ ಬೇರೆ ಯಾರೂ ಸಭೆಯಲ್ಲಿ ತುಟಿ ಬಿಚ್ಚಲಿಲ್ಲ. ನಾಲ್ಕನೆಯ ವಾರ ಗುತ್ತಿಗೆ ಹುಡುಗನೊಬ್ಬ ಕೇಳಿದನಂತೆ: ‘ಇಬ್ಬರ ಕೆಲಸ ಒಬ್ಬರೇ ಮಾಡೋ ಐಡಿಯಾ ನನ್ನ ಹತ್ರ ಇದೆ ಸಾರ್. ಹೇಳಿದರೆ ಆ ಇನ್ನೊಬ್ಬನನ್ನು ತೆಗೀತೀರಾ?’

ಇದಕ್ಕೆ ಉತ್ತರ ಕೊಡುವ ಅಧಿಕಾರ ತಮಗಿಲ್ಲವೆಂದು ಅವರು ನನ್ನೆದುರು ತಲೆ ತಗ್ಗಿಸಿ ಕುಳಿತರು. ಮಾಲೀಕರನ್ನು ಲಿಖಿತವಾಗಿ ಕೇಳಿ, ಅಲ್ಲಿಯವರೆಗೆ ಹುಸಿ ಭರವಸೆ ಕೊಡಬೇಡಿ, ಆ ಐಡಿಯಾ ಏನೆಂದೂ ಅವನನ್ನು ಕೇಳಬೇಡಿ ಎಂದೆ. ಈಗ ಅವರ ನೋಟಿಸ್ ಬೋರ್ಡಿನಲ್ಲಿ ಹನ್ನೆರಡನೆಯ ಪ್ರಶ್ನೆಯಾಗಿ ಅದು ಇದೆ. ಎದುರಿಗೆ, ಪ್ರತಿ ಸೋಮವಾರ ದಿನಾಂಕ ತಿದ್ದಿ, ಅವರೇ ಬರೆಯುತ್ತಾರೆ: ‘ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.’