ಲಿಂಫೋಸೈಟ್ ಕಡಿಮೆ ಇದ್ದುದರಿಂದ ಟಿಬಿ ಗುಳಿಗೆ ನಾಟಲಿಲ್ಲವೇ?

ರಾಣೆಬೆನ್ನೂರಿನಿಂದ ನೀವು ಕೇಳಿರುವುದು ಇಷ್ಟು: ಮೊದಲಿನ ಗುಳಿಗೆಗಳು ನಾಟದೆ ನಿಮ್ಮ ತಮ್ಮನಿಗೆ ಎಂಡಿಆರ್ ಟಿಬಿ, ಅಂದರೆ ಮುಖ್ಯ ಔಷಧಗಳಿಗೆ ಬಗ್ಗದ ಟಿಬಿ, ಎಂದು ಗೊತ್ತಾಯಿತು. ಆಗಿನ ಸಿಬಿಸಿಯಲ್ಲಿ (ರಕ್ತಕಣಗಳ ಎಣಿಕೆ) ಬಿಳಿ ರಕ್ತಕಣ 14,000, ಅವುಗಳಲ್ಲಿ ಒಂದು ಬಗೆಯಾದ ಲಿಂಫೋಸೈಟ್ ಶೇ 12. ಹೊಸ ಚಿಕಿತ್ಸೆ ಶುರುವಾಗಿ ಎರಡು ತಿಂಗಳಾಗಿದೆ. ರೋಗನಿರೋಧಕ ಶಕ್ತಿ ಸತ್ತುಹೋಗಿದೆಯೇ, ಅದನ್ನು ಹೆಚ್ಚಿಸುವ ಪುಡಿ ಕೊಡಬಹುದೇ?

ನಾನು ವೈದ್ಯನಲ್ಲ. ಹುಬ್ಬಳ್ಳಿಯ ಒಂದು ಲ್ಯಾಬಿನಲ್ಲಿ ಹದಿನೆಂಟು ವರ್ಷಗಳಿಂದ ರಕ್ತದ ಸ್ಲೈಡ್ ನೋಡುತ್ತಿದ್ದೇನೆ.

ಮೊದಲು ಲೆಕ್ಕ. 14,000ದಲ್ಲಿ ಶೇ 12 ಎಂದರೆ 1,680. ದೊಡ್ಡವರಲ್ಲಿ ಲಿಂಫೋಸೈಟ್ ಸಾಮಾನ್ಯವಾಗಿ 1,000ದಿಂದ 4,000ದವರೆಗೆ ಇರುತ್ತದೆ. ಅಂದರೆ ಅವು ಅಳಿದಿಲ್ಲ. ಉರಿಯೂತದಿಂದ ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ಕಣಗಳು ಹೆಚ್ಚಿದ್ದರಿಂದ ಇವುಗಳ ಪಾಲು ಸಣ್ಣದಾಗಿ ಕಂಡಿದೆ. ಶೇಕಡಾವಾರು ನೋಡಿ ಗಾಬರಿಯಾದವರು ವಾರಕ್ಕೊಬ್ಬರಾದರೂ ನಮ್ಮ ಕಿಟಕಿಗೆ ಬರುತ್ತಾರೆ.

ಇನ್ನು, ಗುಳಿಗೆ ನಾಟದೇ ಇದ್ದುದಕ್ಕೆ ಕಾರಣ ತಮ್ಮನ ರಕ್ತದಲ್ಲಿಲ್ಲ, ರೋಗಾಣುವಿನಲ್ಲಿದೆ. ಅದರ ವಂಶವಾಹಿ ಬದಲಾಗಿ ರಿಫಾಂಪಿಸಿನ್, ಐಸೋನಿಯಾಜಿಡ್ ಎಂಬ ಎರಡು ಮುಖ್ಯ ಔಷಧಗಳಿಗೂ ಬಗ್ಗದಂತಾಗಿರುತ್ತದೆ. ಕಫದಲ್ಲಿ ರೋಗಾಣುವಿನ ವಂಶವಾಹಿ ನೋಡುವ ಸಿಬಿನ್ಯಾಟ್ ತಪಾಸಣೆ ಹುಡುಕುವುದೂ ರಿಫಾಂಪಿಸಿನ್‌ಗೆ ಬಗ್ಗದ ಇಂಥ ಬದಲಾವಣೆಯನ್ನೇ.

ಹಾಗೆಂದು ರಕ್ಷಣಾ ಕಣಗಳಿಗೆ ಏನೂ ಆಗಿಲ್ಲ ಎಂದಲ್ಲ. ತಿಂಗಳುಗಟ್ಟಲೆ ರೋಗಾಣು ಎದುರಿಗೇ ಇದ್ದರೆ ಲಿಂಫೋಸೈಟ್‌ಗಳಲ್ಲೇ ಒಂದು ಬಗೆಯಾದ ಟಿ ಕಣಗಳು ದಣಿಯುತ್ತವೆ. ಎರೆ ಹೊಲದಲ್ಲಿ ದಿನವಿಡೀ ಹೂಡಿದ ಎತ್ತಿನ ಹಾಗೆ: ನೊಗದಲ್ಲೇ ನಿಂತಿರುತ್ತದೆ, ಎಳೆಯುವುದಿಲ್ಲ. ಇಂಥ ಕಣಗಳ ಮೈಮೇಲೆ ಪಿಡಿ-1 ಎಂಬ ಪ್ರೋಟೀನು ಹೆಚ್ಚುತ್ತದೆ, ಅದು ಲಗಾಮು. ರೋಗಾಣು ನುಂಗುವ ಮ್ಯಾಕ್ರೋಫೇಜ್ ಕಣಗಳನ್ನು ಹುರಿದುಂಬಿಸುವ ಇಂಟರ್‌ಫೆರಾನ್ ಗಾಮಾ ಎಂಬ ಪ್ರೋಟೀನನ್ನು ಈ ದಣಿದ ಕಣಗಳು ಕಡಿಮೆ ಸುರಿಸುತ್ತವೆ. ಉಳಿದವುಗಳನ್ನು ತಡೆದು ಹಿಡಿಯುವ ನಿಯಂತ್ರಕ ಟಿ ಕಣಗಳೂ ಹೆಚ್ಚಬಹುದು. ಇದ್ಯಾವುದೂ ಸಿಬಿಸಿಯಲ್ಲಿ ಕಾಣದು. ಅದು ತಲೆ ಎಣಿಸುತ್ತದೆ, ದಣಿವನ್ನಲ್ಲ. ಸರಿಯಾದ ಔಷಧ ಬಿದ್ದು ರೋಗಾಣು ಇಳಿದಂತೆ ಈ ಕಣಗಳು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತವೆ.

ಪುಡಿ ಬೇಡ. ಶ್ವಾಸಕೋಶದಲ್ಲಿ ತೂತು ಬೀಳುವುದಕ್ಕೆ ರೋಗಾಣುವಿನಷ್ಟೇ ನಮ್ಮದೇ ಕಣಗಳ ಅತಿರೇಕವೂ ಕಾರಣ; ‘ಶಕ್ತಿ ಹೆಚ್ಚಿಸುವುದು’ ಎಂದರೆ ಯಾವ ಕಣದ ಶಕ್ತಿ ಎಂದು ಮಾರುವವನನ್ನೇ ಕೇಳಿ ನೋಡಿ. ಚೀಟಿಯಿಲ್ಲದ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದೂ ಉಂಟು, ಅದು ಟಿ ಕಣಗಳನ್ನು ಇನ್ನಷ್ಟು ಕುಗ್ಗಿಸುತ್ತದೆ. ಆ ದುಡ್ಡಿನಲ್ಲಿ ಮೊಟ್ಟೆ, ಶೇಂಗಾ, ಮಡಿಕೆ ಕಾಳು ತನ್ನಿ. ಟಿಬಿ ರೋಗಿಗಳ ಆಹಾರಕ್ಕೆಂದು ಸರ್ಕಾರ ಹಣ ಕೊಡುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರಬೇಕು, ಬರುತ್ತಿದೆಯೇ ನೋಡಿ. ಸಕ್ಕರೆ ಮತ್ತು ಎಚ್‌ಐವಿ ತಪಾಸಣೆ ಆಗಿರಬೇಕು. ಆಗಿರದಿದ್ದರೆ ಕೇಳಿ ಮಾಡಿಸಿ.

ನನಗೆ ಚಿಂತೆ ಇರುವುದು ಬೇರೆ ಕಡೆ. ಹೊಸ ಚಿಕಿತ್ಸೆಯಲ್ಲಿ ಲಿನೆಜೋಲಿಡ್ ಎಂಬ ಔಷಧ ಇದ್ದರೆ ಅದು ಅಸ್ಥಿಮಜ್ಜೆಯನ್ನು ಕುಗ್ಗಿಸಬಲ್ಲದು: ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಬಿಳಿ ಕಣ ಇಳಿಯಬಹುದು. ಪಾದ ಜೋಮು ಹಿಡಿಯುವುದು, ಕಣ್ಣು ಮಂಜಾಗುವುದೂ ಅದರಿಂದಲೇ ಇರಬಹುದು. ನೀವಾಗಿಯೇ ಗುಳಿಗೆ ನಿಲ್ಲಿಸಬೇಡಿ; ಅಂದೇ ವೈದ್ಯರಿಗೆ ತಿಳಿಸಿ, ಪ್ರಮಾಣ ಇಳಿಸುವುದು ಅವರ ಕೆಲಸ. ಲಿಂಫೋಸೈಟ್ ಬಗ್ಗೆ ಇಷ್ಟು ಬರೆದಿದ್ದೀರಿ, ಈ ಎರಡು ತಿಂಗಳಲ್ಲಿ ಹಿಮೋಗ್ಲೋಬಿನ್ ಎಷ್ಟಾಗಿದೆ ಎಂದು ಬರೆದಿಲ್ಲ. ನಾನಾಗಿದ್ದರೆ ಮೊದಲು ನೋಡುತ್ತಿದ್ದುದು ಅದನ್ನೇ.