ಗೆಲುವಿನ ಲೆಕ್ಕ ಬಿಡಿ, ಸಾಲು ನೋಡಿ

ಓದುಗರ ಪತ್ರ: "ನಾನು ಓದಿದ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ಈ ಸಲ 8 ಗೆದ್ದು 4 ಸೋತಿದೆ. ಋತು ಮುಗಿದ ಮೇಲೆ ಆಡುವ ಬೌಲ್ ಪಂದ್ಯದಲ್ಲಿ ಎದುರಾಳಿಯದು 6–6. ಗೆಲ್ಲಲೇಬೇಕಲ್ಲವೇ? ಆದರೆ ಸಾಲಿನ ಎಡತುದಿ ಕಾಯುವ ನಮ್ಮ ಲೆಫ್ಟ್ ಟ್ಯಾಕಲ್, ಪಾಸು ಹಿಡಿಯುವ ಮುಖ್ಯ ರಿಸೀವರ್ ಇಬ್ಬರೂ ಆಡುವುದಿಲ್ಲವಂತೆ. ದಾಳಿಯ ಯೋಜನೆ ಮಾಡುವ ಕೋಚ್, ಅಂದರೆ ಆಫೆನ್ಸ್ ಕೋಆರ್ಡಿನೇಟರ್, ಬೇರೆ ಕಾಲೇಜಿಗೆ ಹೊರಟುಹೋದರು. ಕೊನೇ ಗಳಿಗೆಯಲ್ಲಿ ಹೀಗೆ ಕೈಕೊಡುವುದು ಸರಿಯೇ? ಮನೆಮಂದಿಯೆಲ್ಲ ಪಂದ್ಯಕ್ಕೆ ಹೋಗುತ್ತಿದ್ದೇವೆ. ಏನನ್ನು ಗಮನಿಸಬೇಕು?" — ಕನ್ನಡಿಗ ಓದುಗರೊಬ್ಬರು, ರಾಲಿ, ನಾರ್ತ್ ಕೆರೊಲಿನಾ

ಸಂಪಾದಕರ ಉತ್ತರ:

8–4, 6–6ರ ಲೆಕ್ಕವನ್ನು ಮೊದಲು ಪಕ್ಕಕ್ಕಿಡಿ. ಅದು ನವೆಂಬರ್‌ವರೆಗೆ ಆಡಿದ ತಂಡದ್ದು. ಬೌಲ್‌ಗೆ ಇಳಿಯುವುದು ಎಷ್ಟೋ ಸಲ ಬೇರೆಯೇ ತಂಡ. 2023ರ ಫ್ಲೋರಿಡಾ ಸ್ಟೇಟ್ ಆಡಿದ 13 ಪಂದ್ಯಗಳನ್ನೂ ಗೆದ್ದಿತ್ತು. ದಾಳಿ ನಡೆಸುವ, ಪಾಸು ಎಸೆಯುವ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ನವೆಂಬರ್‌ನಲ್ಲಿ ಕಾಲಿಗೆ ಪೆಟ್ಟು ಮಾಡಿಕೊಂಡರು. ಆಯ್ಕೆ ಸಮಿತಿ ತಂಡವನ್ನು ಚಾಂಪಿಯನ್ ಪಟ್ಟಕ್ಕಾಗಿ ಆಗ ನಾಲ್ಕು ತಂಡಗಳು ಆಡುತ್ತಿದ್ದ ಪ್ಲೇಆಫ್‌ಗೆ ಸೇರಿಸಲಿಲ್ಲ. ಅದರ ಬದಲಿಗೆ ಸಿಕ್ಕ ಆರೆಂಜ್ ಬೌಲ್ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ಆಟಗಾರರು ಲಭ್ಯರಿರಲಿಲ್ಲ. ಡಿಸೆಂಬರ್ 30ರಂದು ಜಾರ್ಜಿಯಾ ಅವರನ್ನು 63–3ರಿಂದ ಮಣಿಸಿತು. ಸೋಲೇ ಕಾಣದ ತಂಡದ ಗತಿ ಅದಾದರೆ, 8–4ನ್ನು ನಂಬಿ ಕೂರುವುದು ಹೇಗೆ?

ಇನ್ನು ಕೈಕೊಡುವ ಮಾತು. ನಾಟರ್ ಡೇಮ್ ವಿಶ್ವವಿದ್ಯಾಲಯದ ಲೈನ್‌ಬ್ಯಾಕರ್ (ಡಿಫೆನ್ಸ್ ಆಟಗಾರ) ಜೇಲನ್ ಸ್ಮಿತ್ 2016ರ ಜನವರಿ 1ರಂದು ಫಿಯೆಸ್ಟಾ ಬೌಲ್‌ನಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡರು. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಹೋಗುತ್ತಾರೆ ಎಂದು ಎಲ್ಲರೂ ಎಣಿಸಿದ್ದ ಆಟಗಾರ ಎರಡನೇ ಸುತ್ತಿಗೆ, 34ನೇ ಸ್ಥಾನಕ್ಕೆ ಜಾರಿದರು. ಆ ವರ್ಷವಿಡೀ ಆಡಲಾಗಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ (ಎಲ್‌ಎಸ್‌ಯು) ಲೆನರ್ಡ್ ಫೋರ್ನೆಟ್, ಸ್ಟ್ಯಾನ್‌ಫರ್ಡ್‌ನ ಕ್ರಿಶ್ಚಿಯನ್ ಮೆಕ್ಯಾಫ್ರಿ ಬೌಲ್ ಆಡುವುದಿಲ್ಲ ಎಂದರು. 2017ರ ಡ್ರಾಫ್ಟ್‌ನಲ್ಲಿ ಒಬ್ಬರು 4ನೇ, ಇನ್ನೊಬ್ಬರು 8ನೇ ಆಯ್ಕೆ. ಪ್ಲೇಆಫ್ ಅಲ್ಲದ ಒಂದು ಪಂದ್ಯಕ್ಕಾಗಿ ಮೊಣಕಾಲನ್ನು ಪಣಕ್ಕಿಡು ಎಂದು ಇಪ್ಪತ್ತೊಂದರ ಹುಡುಗನಿಗೆ ಹೇಳುವ ಹಕ್ಕು ನಮಗಿಲ್ಲ ಎಂಬುದು ನಮ್ಮ ಅಭಿಪ್ರಾಯ. ಕೋಚ್‌ಗಳು ಹೋದರೆ ಯಾರೂ ದ್ರೋಹ ಎನ್ನುವುದಿಲ್ಲವಲ್ಲ!

ರಿಸೀವರ್ ಇಲ್ಲದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ತಂಡಕ್ಕೆ ನಿಜವಾದ ಪೆಟ್ಟು ಲೆಫ್ಟ್ ಟ್ಯಾಕಲ್‌ನದು. ಕ್ವಾರ್ಟರ್‌ಬ್ಯಾಕ್‌ಗೆ ಕಾವಲಾಗಿ ಐವರ ಸಾಲು ನಿಲ್ಲುತ್ತದೆ: ನಡುವೆ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್, ಎರಡು ತುದಿಗಳಲ್ಲಿ ಟ್ಯಾಕಲ್. ಒಂದು ಜಾಗ ತಾನೇ ಖಾಲಿಯಾಗಿರುವುದು ಎನ್ನಿಸಬಹುದು. ಆದರೆ ಕೋಚ್‌ಗಳು ಎಷ್ಟೋ ಸಲ ರೈಟ್ ಟ್ಯಾಕಲ್‌ನನ್ನು ಎಡಕ್ಕೆ ತರುತ್ತಾರೆ, ಗಾರ್ಡ್ ಒಬ್ಬನನ್ನು ಬಲತುದಿಗೆ ಕಳಿಸುತ್ತಾರೆ, ಬೆಂಚಿನಲ್ಲಿದ್ದವನನ್ನು ಗಾರ್ಡ್ ಮಾಡುತ್ತಾರೆ. ಹೋದವನು ಒಬ್ಬ, ಕದಲಿದ್ದು ಮೂರು ಜಾಗ. ಡಿಫೆನ್ಸ್‌ನ ಇಬ್ಬರು ಅಡ್ಡಹಾಯ್ದು ಜಾಗ ಬದಲಿಸಿಕೊಂಡು ನುಗ್ಗುವುದಕ್ಕೆ ಸ್ಟಂಟ್ ಎನ್ನುತ್ತಾರೆ. ಆಗ ಅಕ್ಕಪಕ್ಕದ ಟ್ಯಾಕಲ್, ಗಾರ್ಡ್ ತಮ್ಮೆದುರಿನವನನ್ನು ಅರೆಗಳಿಗೆಯಲ್ಲಿ ಪರಸ್ಪರ ದಾಟಿಸಿಕೊಳ್ಳಬೇಕು. ಹೊಸ ಜೋಡಿಯಾದರೆ ಇಬ್ಬರೂ ಒಬ್ಬನ ಹಿಂದೆಯೇ ಹೋಗುತ್ತಾರೆ, ಇನ್ನೊಬ್ಬ ನೇರವಾಗಿ ಕ್ವಾರ್ಟರ್‌ಬ್ಯಾಕ್ ಮೇಲೆ ಬೀಳುತ್ತಾನೆ.

ಈ ಭಯ ಕೋಚ್‌ಗೆ ಇದೆಯೋ ಇಲ್ಲವೋ ಎಂಬುದು ಮೊದಲ ಎರಡು ಥರ್ಡ್ ಡೌನ್‌ಗಳಲ್ಲೇ (ಹತ್ತು ಯಾರ್ಡ್ ಮುನ್ನಡೆಯಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) ಗೊತ್ತಾಗುತ್ತದೆ. ಸಾಲಿನ ತುದಿಗೆ ನಿಲ್ಲುವ ಟೈಟ್ ಎಂಡ್ ಮತ್ತು ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಪಾಸಿಗೆ ಓಡದೆ ತಡೆಯಲು ನಿಂತರೆ ಸಾಲಿನಲ್ಲಿ ಐವರ ಬದಲು ಏಳು ಮಂದಿ. ಚೆಂಡು ಹಿಡಿಯಲು ಉಳಿದವರು ಮೂವರೇ. ಆಗ ಆ ಒಳ್ಳೆಯ ರಿಸೀವರ್ ಇದ್ದಿದ್ದರೂ ಅವನ ಮೇಲೆ ಇಬ್ಬರು ಕಾವಲಿರುತ್ತಿದ್ದರು.

ಕೋಆರ್ಡಿನೇಟರ್ ಹೋದದ್ದರ ಪರಿಣಾಮ ತಡವಾಗಿ ಕಾಣುತ್ತದೆ. ಸಾಮಾನ್ಯವಾಗಿ ಮೊದಲ 15ರಷ್ಟು ಪ್ಲೇಗಳನ್ನು (ಒಂದೊಂದು ಯತ್ನದ ಯೋಜನೆಗಳನ್ನು) ಮೊದಲೇ ಬರೆದಿಟ್ಟುಕೊಂಡಿರುತ್ತಾರೆ. ಹಂಗಾಮಿಯಾಗಿ ಪ್ಲೇ ಕೂಗುವವರು ಯಾರೇ ಇರಲಿ, ಅದನ್ನು ಓದಿ ಹೇಳಿದರಾಯಿತು. ಹಾಗಾಗಿ ಮೊದಲ ಎರಡು ಡ್ರೈವ್ (ಚೆಂಡು ನಮ್ಮ ಕೈಯಲ್ಲಿರುವ ಸರದಿ) ಚೆನ್ನಾಗಿ ನಡೆದರೆ ಹಿಗ್ಗಬೇಡಿ. ವಿರಾಮದ ನಂತರ ಎದುರಾಳಿ ಡಿಫೆನ್ಸ್ ವರಸೆ ಬದಲಿಸಿದಾಗ ಇವರು ಏನು ಮಾಡುತ್ತಾರೆ ನೋಡಿ.

ಟಿವಿಯವರು ಅಷ್ಟಾಗಿ ಹೇಳದ ಇನ್ನೊಂದು ವಿಷಯ ಸ್ಪೆಷಲ್ ಟೀಮ್ಸ್, ಅಂದರೆ ಚೆಂಡು ಒದೆಯುವ ಹೊತ್ತಿಗೆ ಇಳಿಯುವ ತಂಡಗಳು. ಪಂಟ್ (ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುವುದು), ಕಿಕಾಫ್ ತಂಡಗಳಲ್ಲಿ ಓಡುವವರು ಹೆಚ್ಚಾಗಿ ಬೆಂಚಿನ ಲೈನ್‌ಬ್ಯಾಕರ್‌ಗಳು, ಡಿಫೆನ್ಸ್‌ನಲ್ಲಿ ಹಿಂದೆ ನಿಲ್ಲುವ ಸೇಫ್ಟಿಗಳು. ತಾರೆಗಳು ಬಿಟ್ಟುಹೋದಾಗ ಇವರಿಗೆ ಮುಖ್ಯ ತಂಡಕ್ಕೆ ಬಡ್ತಿ ಸಿಗುತ್ತದೆ. ಪಂಟ್ ಒದೆಯುವವನನ್ನು ಕಾಯುವ ಕೆಲಸ ಮೂರನೇ ದರ್ಜೆಯ ಹುಡುಗರ ಪಾಲಿಗೆ ಬರುತ್ತದೆ. ಬೌಲ್‌ಗಳಲ್ಲಿ ಪಂಟ್ ಬ್ಲಾಕ್ ಆದರೆ, ಒದ್ದ ಚೆಂಡನ್ನು ಎದುರಾಳಿ ಹಿಡಿದು ಓಡಿ ಟಚ್‌ಡೌನ್ ಹೊಡೆದರೆ, ಕಾರಣವನ್ನು ಮೊದಲು ಅಲ್ಲಿ ಹುಡುಕಿ. ಜೊತೆಗೆ ಮೂರ್ನಾಲ್ಕು ವಾರ ಪಂದ್ಯವಿಲ್ಲದೆ ಕಳೆದಿರುತ್ತದೆ. ಗಾಯದ ಭಯಕ್ಕೆ ಅಭ್ಯಾಸದಲ್ಲಿ ಎದುರಾಳಿಯನ್ನು ನೆಲಕ್ಕೆ ಕೆಡಹುವುದೂ ಕಡಿಮೆ. ಅದಕ್ಕೇ ಮೊದಲ ಕ್ವಾರ್ಟರ್‌ನಲ್ಲಿ ಎದುರಾಳಿಯನ್ನು ಕೆಡಹುವ ಹಿಡಿತ ಜಾರುತ್ತದೆ, ಐದು ಯಾರ್ಡ್‌ನ ಪಾಸು ಮೂವತ್ತಾಗುತ್ತದೆ.

6–6ರ ತಂಡಕ್ಕೆ ಯಾಕೆ ಬೌಲ್ ಎಂಬ ಧ್ವನಿ ನಿಮ್ಮ ಪತ್ರದಲ್ಲಿದೆ. 12ರಲ್ಲಿ 6 ಗೆದ್ದರೆ ಅರ್ಹತೆ, ಅಷ್ಟೇ. ಕೋಚ್‌ಗಳಿಗೆ ಪಂದ್ಯಕ್ಕಿಂತ ಅದರ ನೆಪದಲ್ಲಿ ಸಿಗುವ ಹೆಚ್ಚುವರಿ ಅಭ್ಯಾಸ ದೊಡ್ಡದು, ಸುಮಾರು 15 ದಿನ. ಆರಂಭದ ದಿನಗಳನ್ನು ಬಹುತೇಕ ಹೊಸ ಹುಡುಗರಿಗೇ ಮೀಸಲಿಡುತ್ತಾರೆ, ಎದುರಾಳಿಗಾಗಿ ತಯಾರಿ ಕೊನೆಯ ವಾರದಲ್ಲಿ. ಮುಂದಿನ ವರ್ಷದ ಲೆಫ್ಟ್ ಟ್ಯಾಕಲ್ ಯಾರು ಎಂಬುದು ನಿಮಗೆ ಈ ಪಂದ್ಯದಲ್ಲೇ ಗೊತ್ತಾಗಬಹುದು.

ಗೇಟು ತೆರೆದ ಕೂಡಲೇ ಒಳಗೆ ಹೋಗಿ. ವಾರ್ಮಪ್‌ನಲ್ಲಿ ಸಾಲಿನ ಐವರು ಮೊದಲ ಗುಂಪಾಗಿ ನಿಲ್ಲುತ್ತಾರೆ; ಜರ್ಸಿ ಸಂಖ್ಯೆಗಳನ್ನು ಎಡದಿಂದ ಬಲಕ್ಕೆ ಬರೆದುಕೊಂಡು ನವೆಂಬರ್‌ನ ಕೊನೆಯ ಪಂದ್ಯದ ಪಟ್ಟಿಗೆ ತಾಳೆ ನೋಡಿ. ಎರಡಕ್ಕಿಂತ ಹೆಚ್ಚು ಜಾಗ ಬದಲಾಗಿದ್ದರೆ ನಮ್ಮ ಮತ 6–6ರ ತಂಡಕ್ಕೇ. ಸೆಂಟರ್ ಹೊಸಬನಾಗಿದ್ದರೆ ಶಾಟ್‌ಗನ್‌ನಲ್ಲಿ, ಅಂದರೆ ಕೆಲವು ಹೆಜ್ಜೆ ಹಿಂದೆ ನಿಂತ ಕ್ವಾರ್ಟರ್‌ಬ್ಯಾಕ್‌ಗೆ, ಅವನು ಕಾಲ ನಡುವಿನಿಂದ ಎಸೆಯುವ ಚೆಂಡು (ಸ್ನ್ಯಾಪ್) ಎದೆಮಟ್ಟಕ್ಕೆ ಬರುತ್ತಿದೆಯೇ ನೋಡಿ. ತಲೆಮಟ್ಟಕ್ಕೆ ಬಂದರೆ ಕ್ವಾರ್ಟರ್‌ಬ್ಯಾಕ್‌ನ ಕಣ್ಣು ಡಿಫೆನ್ಸ್ ಬಿಟ್ಟು ಚೆಂಡಿನ ಮೇಲೆ ಹೋಗುತ್ತದೆ.

ಬ್ಯಾಗಿನ ವಿಚಾರ: ಬಹುಪಾಲು ದೊಡ್ಡ ಕ್ರೀಡಾಂಗಣಗಳಲ್ಲಿ 12×6×12 ಇಂಚು ಮೀರದ ಪಾರದರ್ಶಕ ಚೀಲಕ್ಕೆ ಮಾತ್ರ ಪ್ರವೇಶ. ಪುಳಿಯೋಗರೆ ಡಬ್ಬಿ ಕಾರಿನಲ್ಲೇ ಇರಲಿ, ಊಟ ಪಾರ್ಕಿಂಗ್‌ನಲ್ಲೇ ಮುಗಿಸಿಕೊಳ್ಳಿ.